ಒಂದು ಪದಕ್ಕೆ ನಾಲ್ಕು ವಾರ: ಸಂವಿಧಾನದ ಇಂಟರ್ನ್‌ಶಿಪ್ ಅಂದರೆ ಏನು ಮಾಡುತ್ತಾರೆ?

ಕಳೆದ ಬೇಸಿಗೆಯಲ್ಲಿ ಕಸಾಯ್ ರಿಂಕಾಯ್ ಪಾರ್ಕಿನಲ್ಲಿ ನಮ್ಮ ಬಳಗದ ವನಭೋಜನ ನಡೆದಾಗ ಚಿತ್ರಾನ್ನದ ಸಾಲಿನಲ್ಲಿ ಒಬ್ಬ ಹುಡುಗಿ ಸಿಕ್ಕಳು. ಅಪ್ಪ ಅಮ್ಮ ಇರುವುದು ಟೋಕಿಯೋದಲ್ಲಿ. ಅವಳು ಓದುತ್ತಿರುವುದು ಬೆಂಗಳೂರಿನಲ್ಲಿ, ಐದು ವರ್ಷದ ಕಾನೂನು ಪದವಿ. ರಜೆಗೆ ಬಂದವಳು ಇಲ್ಲಿನ ಒಂದು ಸಣ್ಣ ಸಾರ್ವಜನಿಕ ನೀತಿ ಸಂಶೋಧನಾ ಸಂಸ್ಥೆಯಲ್ಲಿ ಸಂವಿಧಾನದ ವಿಷಯದಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದೇನೆ ಎಂದಳು. "ಹಾಗಾದ್ರೆ ದಿನಾ ಕೋರ್ಟಿಗೆ ಹೋಗ್ತೀಯೇನಮ್ಮಾ?" ಎಂದು ನಮ್ಮಲ್ಲಿ ಹಿರಿಯರೊಬ್ಬರು ಕೇಳಿದರು. "ಇಲ್ಲ ಅಂಕಲ್, ಒಂದು ಪದದ ಮೇಲೆ ಕೆಲಸ ಮಾಡ್ತಿದ್ದೀನಿ, ನಾಲ್ಕು ವಾರ" ಎಂದಳು. ಸುತ್ತ ಇದ್ದವರೆಲ್ಲ ನಕ್ಕರು. ಒಂದು ಪದಕ್ಕೆ ನಾಲ್ಕು ವಾರವೇ! ಆ ಪದ ಯಾವುದು ಎಂದು ಅವಳು ವಿವರಿಸಿದ ಮೇಲೆ ಮಾತ್ರ ಯಾರೂ ನಗಲಿಲ್ಲ. ಅದು ನಮ್ಮೆಲ್ಲರ ಮನೆಯ ವಿಷಯವಾಗಿತ್ತು. ಮಕ್ಕಳನ್ನು ಕಾನೂನು ಓದಿಸುತ್ತಿರುವ ಅಥವಾ ಓದಿಸಬೇಕೆಂದಿರುವ ಹಲವು ಮನೆಗಳಿಂದ ಆಮೇಲೆ ಪ್ರಶ್ನೆಗಳು ಬಂದವು. ಆದ್ದರಿಂದ ನಾವು ಕೆಲವರು ಕುಳಿತು, ಓದಿ, ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇವೆ.

ಮೊದಲು ಥಿಂಕ್ ಟ್ಯಾಂಕ್ ಎಂದರೇನು ಎಂಬುದನ್ನು ನೋಡೋಣ. ಕನ್ನಡದಲ್ಲಿ ಕೆಲವರು ಚಿಂತನ ಚಾವಡಿ ಎನ್ನುತ್ತಾರೆ. ಹೆಸರು ಚೆನ್ನಾಗಿದೆ, ಆದರೆ ಚಾವಡಿಯಲ್ಲಿ ಹರಟೆಯೂ ನಡೆಯುತ್ತದೆ, ಇಲ್ಲಿ ಅದಕ್ಕೆ ಪುರುಸೊತ್ತಿಲ್ಲ! ಸರ್ಕಾರ ಒಂದು ಕಾನೂನು ತರುವ ಮುಂಚೆ ಅಥವಾ ಹಳೆಯ ಕಾನೂನು ಬದಲಿಸುವ ಮುಂಚೆ ಅದರ ಸಾಧಕ ಬಾಧಕಗಳನ್ನು ಓದಿ, ಲೆಕ್ಕ ಹಾಕಿ, ವರದಿ ಬರೆಯುವ ಸಂಸ್ಥೆಗಳಿವು. ಜಪಾನಿನಲ್ಲಿ 1959ರಿಂದ ಇರುವ ಜಪಾನ್ ಇನ್‌ಸ್ಟಿಟ್ಯೂಟ್ ಆಫ್ ಇಂಟರ್‌ನ್ಯಾಷನಲ್ ಅಫೇರ್ಸ್, 1974ರಲ್ಲಿ ಹುಟ್ಟಿದ ನಿರಾ, ಟೋಕಿಯೋ ಫೌಂಡೇಶನ್ ಮುಂತಾದವು ಈ ಬಗೆಯವು. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಲಾ ಅಂಡ್ ಪಾಲಿಸಿ ರಿಸರ್ಚ್, ತಕ್ಷಶಿಲಾ, ದಕ್ಷ್ ಇವೆ. 2013ರಲ್ಲಿ ದೆಹಲಿಯಲ್ಲಿ ಆರಂಭವಾದ ವಿಧಿ ಸೆಂಟರ್ ಫಾರ್ ಲೀಗಲ್ ಪಾಲಿಸಿಯೂ ಬೆಂಗಳೂರಿಗೆ ಬಂದಿದೆ. ಒಂದು ಮಾತು ಹೇಳಬೇಕು: ಬೆಂಗಳೂರು, ದೆಹಲಿಯಲ್ಲಿರುವಂತೆ ಸಂವಿಧಾನಕ್ಕೇ ಮೀಸಲಾದ ಸಂಸ್ಥೆ ಟೋಕಿಯೋದಲ್ಲಿ ಹುಡುಕಿದರೆ ಸಿಗುವುದು ಕಷ್ಟ. ಇಲ್ಲಿ ಸಂವಿಧಾನ ಬೇರೆ ವಿಷಯಗಳ ಜೊತೆಯಲ್ಲಿ ಬರುತ್ತದೆ. ಚುನಾವಣಾ ಕ್ಷೇತ್ರಗಳ ವಿಂಗಡಣೆ, ರಕ್ಷಣಾ ನೀತಿ, ಸ್ಥಳೀಯ ಆಡಳಿತ, ವಿದೇಶಿ ಕೆಲಸಗಾರರು, ಹೀಗೆ.

ಅಲ್ಲಿ ಇಂಟರ್ನ್ ಮಾಡುವ ಕೆಲಸ ನೋಡಲು ಬಹಳ ಚಿಕ್ಕದು. ಒಂದು ವಿಧಿಯ ಹಳೆಯ ಕರಡುಗಳನ್ನು ಹುಡುಕಿ ಸಾಲು ಸಾಲಾಗಿ ಪಕ್ಕದಲ್ಲಿಟ್ಟು ನೋಡುವುದು. ಬೇರೆ ದೇಶಗಳ ಸಂವಿಧಾನದಲ್ಲಿ ಅದೇ ವಿಷಯಕ್ಕೆ ಯಾವ ಪದ ಬಳಸಿದ್ದಾರೆ ಎಂದು ಪಟ್ಟಿ ಮಾಡುವುದು. ನ್ಯಾಯಾಲಯದ ತೀರ್ಪನ್ನು ಎರಡು ಪುಟಕ್ಕೆ ಇಳಿಸುವುದು. ಸಂಶೋಧಕರು ಬರೆದ ವರದಿಯ ಅಡಿಟಿಪ್ಪಣಿಗಳನ್ನು ಒಂದೊಂದಾಗಿ ಮೂಲದೊಂದಿಗೆ ತಾಳೆ ನೋಡುವುದು. ಕರಿ ಕೋಟು ಇಲ್ಲ, ವಾದ ಇಲ್ಲ. ನಮ್ಮ ಹುಡುಗಿ ಮೊದಲ ವಾರ ಬೇಸರದಿಂದ ಮನೆಗೆ ಬರುತ್ತಿದ್ದಳಂತೆ. ಎರಡನೆಯ ವಾರ ಅವಳಿಗೆ ಕೊಟ್ಟ ವಿಷಯ, ಜಪಾನಿನ ಸಂವಿಧಾನದಲ್ಲಿ ವಿದೇಶಿಯರ ಸ್ಥಾನ. ಪದ, ಕೊಕುಮಿನ್.

ಈ ಪದ ನಮ್ಮ ಮನೆಗೆ ಹೇಗೆ ಬರುತ್ತದೆ ಎಂದು ಹೇಳುತ್ತೇವೆ. ನಿಮ್ಮ ಮಗುವಿಗೆ ಆರು ವರ್ಷ ತುಂಬುವ ಹೊತ್ತಿಗೆ ಪಕ್ಕದ ಜಪಾನಿ ಮನೆಗೆ ವಾರ್ಡ್ ಆಫೀಸಿನಿಂದ ಒಂದು ಪತ್ರ ಬರುತ್ತದೆ. ಇಂಥ ಶಾಲೆಗೆ ಇಂಥ ದಿನ ನಿಮ್ಮ ಮಗು ಸೇರಬೇಕು ಎಂಬ ಸೂಚನೆ ಅದು. ನಮ್ಮ ಮನೆಗಳಿಗೂ ಸಾಮಾನ್ಯವಾಗಿ ಪತ್ರ ಬರುತ್ತದೆ, ಆದರೆ ಅದು ಸೂಚನೆಯಲ್ಲ, ಮಾಹಿತಿ. ಸೇರಿಸಬೇಕೆಂದಿದ್ದರೆ ಅರ್ಜಿ ಹಾಕಿ ಎನ್ನುತ್ತದೆ. ಅರ್ಜಿ ಹಾಕಿದರೆ ಸರ್ಕಾರಿ ಶಾಲೆಯಲ್ಲಿ ಶುಲ್ಕವಿಲ್ಲ, ಪುಸ್ತಕ ಉಚಿತ, ಯಾವ ಭೇದವೂ ಇಲ್ಲ. ನಮ್ಮ ಎಷ್ಟೋ ಮಕ್ಕಳು ಹಾಗೆ ಓದಿ ದೊಡ್ಡವರಾಗಿದ್ದಾರೆ. ಆದರೆ ಅರ್ಜಿ ಹಾಕದಿದ್ದರೆ? ಪೋಷಕರ ಮೇಲೆ ಕಾನೂನಿನ ಕಡ್ಡಾಯವಿಲ್ಲ. ಏಕೆಂದರೆ ಸಂವಿಧಾನದ 26ನೇ ವಿಧಿಯಲ್ಲಿ ಶಿಕ್ಷಣದ ಹಕ್ಕು, ಮಕ್ಕಳನ್ನು ಓದಿಸುವ ಕರ್ತವ್ಯ ಎರಡನ್ನೂ ಹೇಳುವಾಗ ಬಳಸಿದ ಪದ ಕೊಕುಮಿನ್, ಅಂದರೆ ದೇಶದ ಪ್ರಜೆ. ನಮ್ಮ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದಿರುವುದಕ್ಕೆ ಜಪಾನ್ 1979ರಲ್ಲಿ ಒಪ್ಪಿದ ಆರ್ಥಿಕ ಸಾಮಾಜಿಕ ಹಕ್ಕುಗಳ ಒಪ್ಪಂದ, 1994ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಪ್ಪಂದಗಳ ಆಧಾರವಿದೆ. 2019ರಲ್ಲಿ ಶಿಕ್ಷಣ ಇಲಾಖೆ ಮೊದಲ ಬಾರಿಗೆ ದೇಶದಾದ್ಯಂತ ಎಣಿಸಿದಾಗ, ಶಾಲೆಗೆ ಹೋಗದೆ ಇರಬಹುದಾದ ಅಥವಾ ಹೋಗುತ್ತಿದ್ದಾರೋ ಇಲ್ಲವೋ ಗೊತ್ತೇ ಇಲ್ಲದ ವಿದೇಶಿ ಮಕ್ಕಳು 19 ಸಾವಿರಕ್ಕೂ ಹೆಚ್ಚಿದ್ದರು. ಅದುವರೆಗೆ ಆ ಲೆಕ್ಕವನ್ನೇ ಯಾರೂ ಇಟ್ಟಿರಲಿಲ್ಲ. ಒಂದು ಪದ ಒಳಗೆ ಕರೆದವರನ್ನು ಎಣಿಸುತ್ತಾರೆ, ಹೊರಗಿಟ್ಟವರನ್ನು ಎಣಿಸುವುದಿಲ್ಲ.

ಈಗ ಈ ಪದ ಅಲ್ಲಿಗೆ ಬಂದ ಬಗೆ. 1946ರ ಫೆಬ್ರುವರಿಯಲ್ಲಿ, ಸೋತ ಜಪಾನನ್ನು ಆಳುತ್ತಿದ್ದ ಅಮೆರಿಕದ ಸೇನಾ ಕಚೇರಿ ಒಂದೇ ವಾರದಲ್ಲಿ ಗುಟ್ಟಾಗಿ ಹೊಸ ಸಂವಿಧಾನದ ಕರಡು ಬರೆದು 13ನೇ ತಾರೀಕು ಜಪಾನ್ ಸರ್ಕಾರದ ಕೈಗೆ ಕೊಟ್ಟಿತು. ಆ ಇಂಗ್ಲಿಷ್ ಕರಡಿನಲ್ಲಿ ಕಾನೂನಿನ ಮುಂದೆ ಎಲ್ಲ ಮನುಷ್ಯರೂ ಸಮಾನರು ಎಂದಿತ್ತು. ಅದಲ್ಲದೆ ವಿದೇಶಿಯರಿಗೂ ಕಾನೂನಿನ ಸಮಾನ ರಕ್ಷಣೆ ಉಂಟು ಎಂದು ಪ್ರತ್ಯೇಕ ವಿಧಿಯೇ ಇತ್ತು. ಮಾರ್ಚ್ 4ರಿಂದ 5ರವರೆಗೆ ನಿದ್ದೆಯಿಲ್ಲದೆ ಜಪಾನಿ ಅಧಿಕಾರಿ ಸಾತೋ ತತ್ಸುಒ ಮತ್ತು ಅಮೆರಿಕನ್ನರು ಪದಕ್ಕೆ ಪದ ಜಗ್ಗಾಡಿದರು. ತಿಂಗಳುಗಳ ನಂತರ ಸಂಸತ್ತು ದಾಟಿ, ನವೆಂಬರ್ 3ರಂದು ಪ್ರಕಟವಾಗಿ, 1947ರ ಮೇ 3ರಂದು ಜಾರಿಗೆ ಬಂದ ಸಂವಿಧಾನದಲ್ಲಿ ವಿದೇಶಿಯರ ವಿಧಿ ಇಲ್ಲ. 14ನೇ ವಿಧಿಯಲ್ಲಿ 'ಎಲ್ಲ ಮನುಷ್ಯರು' ಹೋಗಿ 'ಎಲ್ಲ ಕೊಕುಮಿನ್' ಬಂದಿದೆ. ಇಂಗ್ಲಿಷ್ ಅನುವಾದ ಓದಿದರೆ ಇದು ತಿಳಿಯುವುದೇ ಇಲ್ಲ, ಅಲ್ಲಿ 'ಜನ' ಎಂಬರ್ಥದ ಪದವಿದೆ. ಜಪಾನಿ ಓದಲು ಬರುವ ನಮ್ಮ ಹುಡುಗಿಗೆ ಸಂಸ್ಥೆಯವರು ಈ ಕೆಲಸ ಕೊಟ್ಟದ್ದು ಯಾಕೆ ಎಂದು ಈಗ ಗೊತ್ತಾಯಿತಲ್ಲ!

ಹಾಗಾದರೆ ಕೊಕುಮಿನ್ ಎಂದಿರುವಲ್ಲೆಲ್ಲ ನಾವು ಹೊರಗೆ, 'ನಾನ್‌ಪಿತೊಮೊ' ಅಂದರೆ 'ಯಾರೇ ಆಗಲಿ' ಎಂದಿರುವಲ್ಲಿ ಒಳಗೆ, ಎಂದುಕೊಂಡರೆ ಮುಗಿಯಿತೆ? ಇಲ್ಲ. 30ನೇ ವಿಧಿ ಓದಿ. ತೆರಿಗೆ ಕಟ್ಟುವುದು ಕೊಕುಮಿನ್‌ನ ಕರ್ತವ್ಯ ಎನ್ನುತ್ತದೆ. ಪದದಂತೆ ನಡೆದರೆ ನಾವು ಯಾರೂ ತೆರಿಗೆ ಕಟ್ಟಬೇಕಾಗಿಲ್ಲ! (ದಯವಿಟ್ಟು ಇದನ್ನು ಟ್ಯಾಕ್ಸ್ ಆಫೀಸಿನಲ್ಲಿ ಹೇಳಲು ಹೋಗಬೇಡಿ.) ಇತ್ತ 22ನೇ ವಿಧಿಯಲ್ಲಿ, ಪೌರತ್ವ ಬಿಟ್ಟುಕೊಡುವ ಸ್ವಾತಂತ್ರ್ಯ 'ಯಾರಿಗೇ ಆಗಲಿ' ಉಂಟು ಎಂದಿದೆ. ಜಪಾನಿನ ಪೌರತ್ವವೇ ಇಲ್ಲದವರು ಅದನ್ನು ಬಿಡುವುದು ಹೇಗೆ? ಅಂದರೆ ಪದವೊಂದನ್ನೇ ಹಿಡಿದುಕೊಂಡರೆ ಅರ್ಥ ಕೆಡುತ್ತದೆ. ಇಲ್ಲಿನ ಕಾನೂನು ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿಯುವ ಪಾಠವಿದು.

ಸುಪ್ರೀಂ ಕೋರ್ಟಿನ ಮುಂದೆ ಈ ಪ್ರಶ್ನೆ ಬಂದದ್ದು ಒಬ್ಬ ಇಂಗ್ಲಿಷ್ ಮೇಷ್ಟ್ರ ಮೂಲಕ. ರೊನಾಲ್ಡ್ ಮೆಕ್ಲೀನ್ ಎಂಬ ಅಮೆರಿಕನ್ ವಿಯೆಟ್ನಾಂ ಯುದ್ಧದ ವಿರುದ್ಧದ ಪ್ರದರ್ಶನಗಳಲ್ಲಿ ಭಾಗವಹಿಸಿದ್ದರು. ಅವರ ವೀಸಾ ನವೀಕರಿಸಲಿಲ್ಲ. 1978ರ ಅಕ್ಟೋಬರ್ 4ರ ತೀರ್ಪು ಹೇಳಿದ್ದು ಎರಡು ಮಾತು. ಸ್ವಭಾವತಃ ಜಪಾನಿ ಪ್ರಜೆಗಳಿಗೇ ಸೇರಿದ ಹಕ್ಕುಗಳನ್ನು ಬಿಟ್ಟು ಉಳಿದ ಮೂಲಭೂತ ಹಕ್ಕುಗಳು ಇಲ್ಲಿರುವ ವಿದೇಶಿಯರಿಗೂ ಉಂಟು. ಆದರೆ ಅವು ವೀಸಾ ವ್ಯವಸ್ಥೆಯ ಚೌಕಟ್ಟಿನೊಳಗೆ ಮಾತ್ರ. ಮೆಕ್ಲೀನ್ ಸೋತರು. ಎಡಗೈಯಲ್ಲಿ ಕೊಟ್ಟು ಬಲಗೈಯಲ್ಲಿ ಕಿತ್ತುಕೊಂಡಂತೆ ಎಂದು ನಮ್ಮಲ್ಲಿ ಒಬ್ಬರು ಹೇಳಿದರು, ಆ ಮಾತು ಪೂರ್ತಿ ನ್ಯಾಯವಲ್ಲದಿದ್ದರೂ ಪೂರ್ತಿ ತಪ್ಪೂ ಅಲ್ಲ. 1995ರ ಫೆಬ್ರುವರಿ 28ರಂದು ಅದೇ ನ್ಯಾಯಾಲಯ, ಕಾಯಂ ನಿವಾಸಿ ವಿದೇಶಿಯರಿಗೆ ಸ್ಥಳೀಯ ಚುನಾವಣೆಯ ಮತ ಕೊಡಬೇಕೆಂದು ಸಂವಿಧಾನ ಹೇಳುವುದಿಲ್ಲ, ಆದರೆ ಸಂಸತ್ತು ಕಾನೂನು ಮಾಡಿ ಕೊಟ್ಟರೆ ಅದಕ್ಕೆ ಅಡ್ಡಿಯೂ ಇಲ್ಲ ಎಂದಿತು. ಅಂಥ ಕಾನೂನು ಬಂದಿಲ್ಲ. 2014ರ ಜುಲೈನಲ್ಲಿ, ಬಡತನದಲ್ಲಿ ನೆರವು ಕೊಡುವ ಕಾನೂನಿನಲ್ಲಿ ಕೊಕುಮಿನ್ ಎಂದಿರುವುದರಿಂದ ಕಾಯಂ ನಿವಾಸಿಗಳಿಗೂ ಅದು ಹಕ್ಕಾಗಿ ಸಿಗದು, ಸರ್ಕಾರ ಆಡಳಿತ ಕ್ರಮವಾಗಿ ಕೊಡಬಹುದಷ್ಟೇ ಎಂದಿತು.

ಇದಕ್ಕೆ ಎದುರಾದ ಉದಾಹರಣೆಯೂ ಇದೆ. ಕೊಕುಮಿನ್ ನೆಂಕಿನ್, ಅಂದರೆ ರಾಷ್ಟ್ರೀಯ ಪಿಂಚಣಿ, ನಾವೆಲ್ಲ ಕಟ್ಟುತ್ತೇವಲ್ಲ? ಹೆಸರಲ್ಲೇ ಆ ಪದವಿದೆ. ಮೊದಲು ಅದರಲ್ಲಿ ಪೌರತ್ವದ ಷರತ್ತಿತ್ತು. ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಜಪಾನ್ ಸೇರಿದಾಗ 1982ರಲ್ಲಿ ಆ ಷರತ್ತನ್ನು ಕಾನೂನಿನಿಂದಲೇ ತೆಗೆದುಹಾಕಿದರು. ಅದನ್ನು ಬದಲಿಸಿದ್ದು ಕೋರ್ಟಲ್ಲ, ಸಂಸತ್ತು. ಇಂಟರ್ನ್ ಆದವರು ಕೋರ್ಟ್ ಬಿಟ್ಟು ನೀತಿ ಸಂಸ್ಥೆಯಲ್ಲಿ ಯಾಕೆ ಕೂರಬೇಕು ಎಂಬ ಪ್ರಶ್ನೆಗೆ ಇದೇ ಉತ್ತರ ಎಂದು ನಮಗೆ ತೋರುತ್ತದೆ. ಜಪಾನಿನ ಸುಪ್ರೀಂ ಕೋರ್ಟ್ ಒಂದು ಕಾನೂನನ್ನು ಸಂವಿಧಾನಬಾಹಿರ ಎಂದು ಹೇಳುವುದು ಬಹಳ ಅಪರೂಪ. 1947ರಿಂದ 2024ರ ಜುಲೈವರೆಗೆ ಬರೀ 13 ಸಲ. ಮಸೂದೆ ಸಂಸತ್ತಿಗೆ ಹೋಗುವ ಮುಂಚೆಯೇ ಸಚಿವ ಸಂಪುಟದ ಶಾಸನ ಕಚೇರಿ ಅದನ್ನು ಸೋಸಿ ಸೋಸಿ ನೋಡುತ್ತದೆ. ಹಾಗಾಗಿ ಇಲ್ಲಿ ಸಂವಿಧಾನದ ಬಹುಪಾಲು ಜಗಳ ಕೋರ್ಟ್ ಮೆಟ್ಟಿಲು ಹತ್ತುವ ಮೊದಲೇ, ಕರಡಿನ ಮೇಜಿನ ಮೇಲೆ ತೀರ್ಮಾನವಾಗಿರುತ್ತದೆ. ಆ ಮೇಜಿಗೆ ಯಾರ ಕಾಗದ ತಲುಪುತ್ತದೆ ಎಂಬುದು ಮುಖ್ಯ.

ಅಂಥ ಮೇಜಿನ ಪಕ್ಕ 1946ರಲ್ಲಿ ಕುಳಿತಿದ್ದವಳು 22 ವರ್ಷದ ಹುಡುಗಿ ಎಂಬುದನ್ನು ನಮ್ಮ ಮಕ್ಕಳಿಗೆ ಹೇಳಲೇಬೇಕು. ಬೆಯಾಟೆ ಸಿರೋಟಾ ಹುಟ್ಟಿದ್ದು 1923ರಲ್ಲಿ ವಿಯೆನ್ನಾದಲ್ಲಿ, ಬೆಳೆದದ್ದು ಟೋಕಿಯೋದಲ್ಲಿ. ಅಪ್ಪ ಪಿಯಾನೋ ಕಲಿಸಲು ಬಂದವರು. ಐದನೆಯ ವಯಸ್ಸಿನಿಂದ ಇಲ್ಲಿದ್ದು ಜಪಾನಿಯನ್ನು ನೀರು ಕುಡಿದಂತೆ ಕಲಿತವಳು. ಅಂದರೆ ನಮ್ಮ ಮಕ್ಕಳ ಹಾಗೆ, ಅಪ್ಪನ ಕೆಲಸಕ್ಕಾಗಿ ಬಂದು ಇಲ್ಲಿಯವಳಾದ ವಿದೇಶಿ ಮಗು! ಯುದ್ಧ ಮುಗಿದ ಮೇಲೆ ಅಮೆರಿಕದಿಂದ ಸೇನಾ ಕಚೇರಿಯ ನೌಕರಿ ಹಿಡಿದು ಬಂದಳು. ಕಾನೂನು ಓದಿದವಳಲ್ಲ. ಮಹಿಳೆಯರ ಹಕ್ಕು ನೀನು ಬರಿ ಎಂದಾಗ ಅವಳು ಮೊದಲು ಮಾಡಿದ್ದು ಜೀಪು ಹತ್ತಿ, ಬಾಂಬಿಗೆ ಉಳಿದಿದ್ದ ಟೋಕಿಯೋದ ಗ್ರಂಥಾಲಯಗಳನ್ನು ಸುತ್ತಿ ಬೇರೆ ಬೇರೆ ದೇಶಗಳ ಸಂವಿಧಾನ ಪುಸ್ತಕಗಳನ್ನು ತಂದದ್ದು. ಗುಟ್ಟು ಬಯಲಾಗಬಾರದೆಂದು ಒಂದೇ ಕಡೆ ತೆಗೆದುಕೊಳ್ಳದೆ ಹಲವು ಕಡೆ ಹೋದಳು. ಪಕ್ಕ ಪಕ್ಕ ಇಟ್ಟು ಹೋಲಿಸಿ ಬರೆದಳು. ಇಂದು ಇಂಟರ್ನ್ ಮಾಡುವುದೂ ಇದನ್ನೇ. ಗರ್ಭಿಣಿ ಬಾಣಂತಿಯರಿಗೆ ಸರ್ಕಾರದ ನೆರವು ಮುಂತಾದ ಅವಳ ಎಷ್ಟೋ ಸಾಲುಗಳನ್ನು ಮೇಲಿನವರು ಹೊಡೆದುಹಾಕಿದರು. ಉಳಿದದ್ದು ಮದುವೆಯಲ್ಲಿ ಗಂಡು ಹೆಣ್ಣಿನ ಸಮಾನತೆಯ 24ನೇ ವಿಧಿ. ಇಂದಿಗೂ ಒಂದಕ್ಷರ ಬದಲಾಗಿಲ್ಲ. ಜಪಾನಿನ ಸಂವಿಧಾನಕ್ಕೇ ಇದುವರೆಗೆ ಒಂದೂ ತಿದ್ದುಪಡಿ ಆಗಿಲ್ಲ. ಎರಡೂ ಸದನಗಳ ಮೂರನೇ ಎರಡರಷ್ಟು ಸದಸ್ಯರು, ಆಮೇಲೆ ಜನಮತಗಣನೆ, ಇಷ್ಟು ಬೇಕು. ನಮ್ಮ ದೇಶದಲ್ಲಿ 2023ಕ್ಕೇ 106 ತಿದ್ದುಪಡಿ ಆಗಿದ್ದವು. ಯಾವುದು ಒಳ್ಳೆಯದು ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ, ಊಟ ತಣ್ಣಗಾಗುತ್ತದೆ.

ಭಾರತದ ಸಂವಿಧಾನವನ್ನು ಇದೇ ಕಣ್ಣಿನಿಂದ ಓದಿ ಎಂದು ನಮ್ಮ ಹುಡುಗಿಗೆ ಮೂರನೆಯ ವಾರ ಹೇಳಿದರಂತೆ. ನಮ್ಮಲ್ಲೂ ಎರಡು ಪದಗಳಿವೆ. 14 ಮತ್ತು 21ನೇ ವಿಧಿಗಳಲ್ಲಿ 'ವ್ಯಕ್ತಿ', 16 ಮತ್ತು 19ರಲ್ಲಿ 'ನಾಗರಿಕ'. ಬೆಂಗಳೂರಿನಲ್ಲಿರುವ ಜಪಾನಿ ಇಂಜಿನಿಯರಿಗೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ರಕ್ಷಣೆ ಉಂಟು, 19ನೇ ವಿಧಿಯ ವಾಕ್ ಸ್ವಾತಂತ್ರ್ಯ ಇಲ್ಲ. ಆದರೆ 2002ರ ತಿದ್ದುಪಡಿಯಿಂದ ಬಂದ 21ಎ ವಿಧಿ, ಆರರಿಂದ ಹದಿನಾಲ್ಕು ವರ್ಷದ 'ಎಲ್ಲ ಮಕ್ಕಳಿಗೆ' ಶಿಕ್ಷಣ ಎನ್ನುತ್ತದೆ. ನಾಗರಿಕರ ಮಕ್ಕಳು ಎನ್ನುವುದಿಲ್ಲ.

ಅವಳು ಅಲ್ಲಿ ಇನ್ನೊಂದು ಅಡಿಟಿಪ್ಪಣಿ ಕಂಡಳು, ನಮಗೆ ಅದೇ ಹೆಚ್ಚು ಇಷ್ಟವಾಯಿತು. ನಮ್ಮ ಸಂವಿಧಾನ ಸಭೆಯ ಸಲಹೆಗಾರರಾಗಿದ್ದವರು 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್. ಲೋಕದ ಸಂವಿಧಾನಗಳನ್ನೆಲ್ಲ ಓದಿ ಸಭೆಯ ಸದಸ್ಯರಿಗೆ ಸಣ್ಣ ಸಣ್ಣ ಪುಸ್ತಿಕೆಗಳಾಗಿ ಒದಗಿಸಿದವರು ಅವರು. ಒಬ್ಬರೇ ಒಂದು ಥಿಂಕ್ ಟ್ಯಾಂಕ್! ಅವರ 1947ರ ಕರಡಿನ ಮೇಲೆ ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ಕೆಲಸ ಮಾಡಿತು. ಅಮೆರಿಕಕ್ಕೆ ಹೋಗಿದ್ದ ರಾಯರಿಗೆ ಅಲ್ಲಿನ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ನಿಮ್ಮ ಸಂವಿಧಾನದಲ್ಲಿ ಅಮೆರಿಕದ 'ಡ್ಯೂ ಪ್ರೋಸೆಸ್' ಪದಗಳನ್ನು ಹಾಕಬೇಡಿ, ನ್ಯಾಯಾಧೀಶರ ಕೈಗೆ ಅತಿಯಾದ ಅಧಿಕಾರ ಹೋಗುತ್ತದೆ ಎಂಬ ಸಲಹೆ ಕೊಟ್ಟಿದ್ದರು. 1948ರ ಫೆಬ್ರುವರಿಯ ಕರಡಿನಲ್ಲಿ ಆ ಪದಗಳು ಹೋಗಿ 'ಕಾನೂನಿನಿಂದ ಸ್ಥಾಪಿತವಾದ ಕಾರ್ಯವಿಧಾನ' ಎಂಬುದು ಬಂತು. ಕೆಳಗೆ ಅಡಿಟಿಪ್ಪಣಿ: ಜಪಾನಿನ ಸಂವಿಧಾನದ 31ನೇ ವಿಧಿ ನೋಡಿ! ನಮ್ಮ 21ನೇ ವಿಧಿಗೂ ಟೋಕಿಯೋಗೂ ನಂಟು ಬಿದ್ದದ್ದು ಹೀಗೆ. ಕಾಕತಾಳೀಯವೆಂದರೆ ರಾಯರ ತಮ್ಮ, ಮುಂದೆ ರಿಸರ್ವ್ ಬ್ಯಾಂಕ್ ಗವರ್ನರ್ ಆದ ಬೆನಗಲ್ ರಾಮ ರಾವ್, 1947-48ರಲ್ಲಿ ಟೋಕಿಯೋದಲ್ಲೇ ಭಾರತದ ಪ್ರತಿನಿಧಿಯಾಗಿದ್ದರು. ಆ ಪದಗಳ ಬೆಲೆ 1950ರಲ್ಲಿ ಗೋಪಾಲನ್ ಮೊಕದ್ದಮೆಯಲ್ಲಿ ತಿಳಿಯಿತು. ಕಾನೂನು ಒಂದಿದ್ದರೆ ಸಾಕು, ವಿಚಾರಣೆಯಿಲ್ಲದೆ ಜೈಲಿನಲ್ಲಿಡಬಹುದು ಎಂದಾಯಿತು. ಕಾರ್ಯವಿಧಾನ ನ್ಯಾಯಯುತವೂ ಆಗಿರಬೇಕು ಎಂದು ಮೇನಕಾ ಗಾಂಧಿ ಪ್ರಕರಣದಲ್ಲಿ ಕೋರ್ಟ್ ಹೇಳಲು 1978 ಬರಬೇಕಾಯಿತು.

ಇನ್ನು ಪೋಷಕರು ಕೇಳಿದ ವ್ಯಾವಹಾರಿಕ ಪ್ರಶ್ನೆಗಳು. ಭಾರತದಲ್ಲಿ ಕಾನೂನು ಓದುವವರಿಗೆ ಇಂಟರ್ನ್‌ಶಿಪ್ ಐಚ್ಛಿಕವಲ್ಲ. ಬಾರ್ ಕೌನ್ಸಿಲಿನ 2008ರ ನಿಯಮದಂತೆ ಮೂರು ವರ್ಷದ ಪದವಿಗೆ ಕನಿಷ್ಠ 12 ವಾರ, ಐದು ವರ್ಷದ ಪದವಿಗೆ 20 ವಾರ. ಒಂದು ವರ್ಷದಲ್ಲಿ ಸತತವಾಗಿ ನಾಲ್ಕು ವಾರ ಮೀರುವಂತಿಲ್ಲ, ಒಮ್ಮೆಯಾದರೂ ವಕೀಲರ ಬಳಿ ಮಾಡಿರಬೇಕು. ಹಾಗಾಗಿ ನೀತಿ ಸಂಸ್ಥೆಗೆ ಸೇರುವ ಮುಂಚೆ ಇದು ಎಣಿಕೆಗೆ ಬರುತ್ತದೆಯೇ ಎಂದು ಕಾಲೇಜಿನಲ್ಲಿ ಕೇಳಿಕೊಳ್ಳಿ. ಸಂಬಳದ ಆಸೆ ಇಟ್ಟುಕೊಳ್ಳಬೇಡಿ, ಹಲವು ಕಡೆ ಏನೂ ಕೊಡುವುದಿಲ್ಲ, ಕೆಲವು ಕಡೆ ರೈಲು ಖರ್ಚು. ಜಪಾನಿನಲ್ಲಿ ವಿದ್ಯಾರ್ಥಿ ವೀಸಾ ಅಥವಾ ಅವಲಂಬಿತರ ವೀಸಾ ಇದ್ದು ಸಂಬಳ ಬರುವ ಕೆಲಸವಾದರೆ ಮುಂಚೆಯೇ ಅನುಮತಿ ಪಡೆಯಬೇಕು, ಸಾಮಾನ್ಯವಾಗಿ ವಾರಕ್ಕೆ 28 ಗಂಟೆಯ ಮಿತಿ. ಭಾರತದಿಂದ ಬರುವವರಿಗೆ ವೀಸಾದ ಬಗೆ, ಸಂಬಳ ಇದೆಯೋ ಇಲ್ಲವೋ, ಎಷ್ಟು ದಿನ ಎಂಬುದರ ಮೇಲೆ ಬದಲಾಗುತ್ತದೆ. ಟಿಕೆಟ್ ತೆಗೆಯುವ ಮುಂಚೆ ವಿಚಾರಿಸಿ.

ಅರ್ಜಿಯ ಜೊತೆ ಬರೆದ ಒಂದು ಮಾದರಿ ಕೇಳುತ್ತಾರೆ. 'ನನಗೆ ಸಂವಿಧಾನದ ಮೇಲೆ ಅಪಾರ ಆಸಕ್ತಿ' ಎಂಬ ಪತ್ರಕ್ಕಿಂತ, ಒಂದೇ ವಿಧಿಯ ಮೇಲೆ ಮೂರು ಪುಟ ಚೆನ್ನಾಗಿ ಬರೆದು ಕಳಿಸಿದವರನ್ನು ಕರೆಯುತ್ತಾರೆ ಎಂದು ಅವಳ ಅನುಭವ. ಜಪಾನಿನ ಸಂಸತ್ ಗ್ರಂಥಾಲಯ ಸಂವಿಧಾನ ಹುಟ್ಟಿದ ಕಥೆಯ ಮೂಲ ಕಾಗದಗಳನ್ನು ಇಂಗ್ಲಿಷ್ ವಿವರಣೆಯೊಂದಿಗೆ ಅಂತರ್ಜಾಲದಲ್ಲಿ ಇಟ್ಟಿದೆ. ಮನೆಯಲ್ಲೇ ಕುಳಿತು ಅಭ್ಯಾಸ ಮಾಡಬಹುದು. ಜಪಾನಿ ಪೌರತ್ವ ಇಲ್ಲದೆ ಮುಂದೆ ಇಲ್ಲಿ ವಕೀಲರಾಗಬಹುದೇ ಎಂದೂ ಕೆಲವರು ಕೇಳಿದರು. ಆಗಬಹುದು. ಪರೀಕ್ಷೆ ಪಾಸಾದ ಮೇಲೂ ತರಬೇತಿಗೆ ಪೌರತ್ವ ಬದಲಿಸಬೇಕೆಂದಾಗ, ಕಿಮ್ ಕ್ಯಾಂಗ್ ದೊಕ್ ಎಂಬ ಕೊರಿಯನ್ ಮೂಲದ ಯುವಕ ಒಪ್ಪದೆ ಸುಪ್ರೀಂ ಕೋರ್ಟಿಗೆ ಮನವಿ ಬರೆದು, 1977ರಲ್ಲಿ ಹಾಗೆಯೇ ಪ್ರವೇಶ ಪಡೆದರು. ನ್ಯಾಯಾಧೀಶರ ಹುದ್ದೆ ಮಾತ್ರ ವಿದೇಶಿಯರಿಗಿಲ್ಲ.

ಕೊನೆಯ ವಾರ ಅವಳು ಟಿಪ್ಪಣಿ ಒಪ್ಪಿಸಿದ ಮೇಲೆ ಅಲ್ಲಿನ ಹಿರಿಯ ಸಂಶೋಧಕರು ಅವಳನ್ನು ಟೋಕಿಯೋದ ಪಶ್ಚಿಮದ ಬೆಟ್ಟಗಳ ಊರು ಇತ್ಸುಕಾಯ್ಚಿಗೆ ಹೋಗಿ ಬಾ ಎಂದರು. 1968ರ ಆಗಸ್ಟಿನಲ್ಲಿ ಟೋಕಿಯೋ ಕೆಇಜಾಯ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಇರೊಕಾವಾ ದಾಯ್‌ಕಿಚಿ ಮತ್ತು ಅವರ ವಿದ್ಯಾರ್ಥಿಗಳು ಅಲ್ಲಿ ಫುಕಜಾವಾ ಮನೆತನದ ಹಳೆಯ ಮಣ್ಣುಗೋಡೆಯ ಉಗ್ರಾಣ ತೆರೆದರು. ಮಾಳಿಗೆಯಲ್ಲಿ ಬಟ್ಟೆಯ ಗಂಟಿನಲ್ಲಿ ಸಿಕ್ಕಿದ ಕಾಗದಗಳು 1881ರಲ್ಲಿ ಬರೆದ ಸಂವಿಧಾನದ ಕರಡು, 204 ವಿಧಿಗಳು. ಬರೆದವರು ಊರಿನ ಶಾಲಾ ಮೇಷ್ಟ್ರು ಚಿಬಾ ತಕುಸಬುರೊ, 31ನೇ ವಯಸ್ಸಿಗೇ ತೀರಿಕೊಂಡವರು. ಅವರ ಹಿಂದೆ ರೈತರು, ವ್ಯಾಪಾರಿಗಳು ಸೇರಿ ಸಂಜೆ ಹೊತ್ತು ಚರ್ಚೆ ನಡೆಸುತ್ತಿದ್ದ ಒಂದು ಕೂಟವಿತ್ತು. ಇದಲ್ಲವೇ ನಿಜವಾದ ಚಿಂತನ ಚಾವಡಿ! ಕರಡು ಯಾರ ಕಣ್ಣಿಗೂ ಬೀಳದೆ ಎಂಟು ದಶಕಕ್ಕೂ ಹೆಚ್ಚು ಕಾಲ ಅಲ್ಲೇ ಇತ್ತು. ಅದರಲ್ಲಿ ಒಂದು ವಿಧಿ, ಜಪಾನಿನಲ್ಲಿ ವಾಸವಾಗಿರುವ ಜನರು ಈ ದೇಶದವರಿರಲಿ ಹೊರದೇಶದವರಿರಲಿ, ಅವರ ದೇಹ, ಪ್ರಾಣ, ಆಸ್ತಿ, ಮಾನಗಳಿಗೆ ರಕ್ಷಣೆ ಉಂಟು ಎನ್ನುತ್ತದೆ.

ಉಗ್ರಾಣ ಈಗಲೂ ನಿಂತಿದೆ. ಮುಸಾಶಿ-ಇತ್ಸುಕಾಯ್ಚಿ ಸ್ಟೇಷನ್ನಿನಲ್ಲಿ ಇಳಿದು ಕಣಿವೆಯ ದಾರಿ ಹಿಡಿದು ಹೋಗಬೇಕು. ಈ ಶರತ್ಕಾಲದಲ್ಲಿ ಎಲೆ ಕೆಂಪಾದಾಗ ಮಕ್ಕಳನ್ನು ಕರೆದುಕೊಂಡು ಹೋಗಬೇಕೆಂದಿದ್ದೇವೆ. ಬುತ್ತಿ ನಿಮ್ಮ ನಿಮ್ಮದು, ಮೊಸರನ್ನ ಇದ್ದರೆ ನಮಗೂ ಸ್ವಲ್ಪ ಇರಲಿ.